ಕೊಡಗಿನ ಹಣ್ಣಿನ ಗಿಡಗಳಿಗೆ ನೀರು: ಯಾವ ಹಂತದಲ್ಲಿ, ಎಷ್ಟು

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹರಿದುಹೋಗುತ್ತದೆ. ಡಿಸೆಂಬರ್ ಬಂತೆಂದರೆ ಹೂಮಳೆಯವರೆಗೆ (ಕಾಫಿ ಹೂವನ್ನು ಅರಳಿಸುವ ಬೇಸಿಗೆಯ ಮಳೆ) ತೋಟವು ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿಕೊಂಡಿರಬೇಕು. ಕುಶಾಲನಗರದ ಕಡೆಗೆ ಆ ತೇವವೂ ಕಡಿಮೆ. ರಾಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ಗಿಡಗಳ ತವರು ವರ್ಷದ ಹೆಚ್ಚಿನ ಕಾಲ ತೇವವಾಗಿರುವ ಆಗ್ನೇಯ ಏಷ್ಯಾ. ಆದ್ದರಿಂದ ಚೆಟ್ಟಳ್ಳಿಯ ಪ್ರಯೋಗ ಕೇಂದ್ರದ ‘ಅರ್ಕಾ ಕೂರ್ಗ್ ಅರುಣ್’ನಂತಹ ಒಳ್ಳೆಯ ರಾಂಬುಟಾನ್ ತಳಿಯನ್ನೇ ನೆಟ್ಟರೂ ನೀರಿನ ಲೆಕ್ಕಾಚಾರವನ್ನು ಬೆಳೆಗಾರರೇ ಮಾಡಬೇಕಾಗುತ್ತದೆ.

ನೀರು ಕಡಿಮೆಯಾದಾಗ ಗಿಡದಲ್ಲಿ ಮೊದಲು ನಿಲ್ಲುವುದು ಎಳೆ ಎಲೆಯ ಹಿಗ್ಗುವಿಕೆ. ಜೀವಕೋಶಗಳು ಒಳಗಿನ ನೀರಿನ ಒತ್ತಡದಿಂದಲೇ ಹಿಗ್ಗುವುದರಿಂದ, ಎಲೆ ಬಾಡುವುದಕ್ಕೆ ಎಷ್ಟೋ ಮೊದಲೇ ಬೆಳವಣಿಗೆ ಕುಂಠಿತವಾಗಿರುತ್ತದೆ. ಆನಂತರ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರೇನೋ ಉಳಿಯುತ್ತದೆ, ಆದರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಬರದೆ ಆಹಾರ ತಯಾರಿಕೆ ಕುಗ್ಗುತ್ತದೆ, ಎಲೆಯ ಬಿಸಿಯೂ ಏರುತ್ತದೆ. ಹೊಸ ಚಿಗುರಿನ ಎಲೆಗಳು ಹಳೆಯವುಗಳಿಗಿಂತ ಚಿಕ್ಕದಾಗಿದ್ದರೆ, ರಾಂಬುಟಾನ್ ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗಿದ್ದರೆ, ನೀರಿನ ಕೊರತೆಯನ್ನು ಮೊದಲು ಅನುಮಾನಿಸಬೇಕು. ಮಧ್ಯಾಹ್ನ ಜೋಲುವ ಎಲೆ ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಬೆಳಗಿನ ಜಾವಕ್ಕೂ ಜೋತುಬಿದ್ದಿದ್ದರೆ ಅಂದೇ ಮಣ್ಣನ್ನು ನೋಡಬೇಕು. ತರಗೆಲೆ ಸರಿಸಿ ಒಂದು ಗೇಣು ಆಳದ ಮಣ್ಣನ್ನು ಅಂಗೈಯಲ್ಲಿ ಹಿಂಡಿದಾಗ ಅದು ಉಂಡೆಯಾಗಿ ನಿಂತರೆ ತೇವವಿದೆಯೆಂದೂ, ಪುಡಿಯಾಗಿ ಉದುರಿದರೆ ಇಲ್ಲವೆಂದೂ ತಿಳಿಯಬಹುದು.

ಮ್ಯಾಂಗೋಸ್ಟೀನ್ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅದರ ಬೇರಿಗೆ ಕವಲುಗಳೂ ಬೇರುರೋಮಗಳೂ ಬಹಳ ಕಡಿಮೆಯಾದ್ದರಿಂದ, ಪಕ್ಕದ ಗಿಡಗಳು ತಾಳಿಕೊಳ್ಳುವ ಒಣಹವೆಯಲ್ಲೂ ಅದು ಬಳಲುತ್ತದೆ. ಮೊದಲ ಕೆಲವು ವರ್ಷ ಅದಕ್ಕೆ ನೆರಳು ಬೇಕೇ ಬೇಕು.

ಆದರೆ ಎಲ್ಲ ಕೊರತೆಯೂ ಕೆಟ್ಟದ್ದಲ್ಲ. ಫಲಕ್ಕೆ ಬಂದ ರಾಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ಮರಗಳಿಗೆ ಹೂಬಿಡಲು ಸುಮಾರು ಮೂರು ನಾಲ್ಕು ವಾರಗಳ ಒಣ ಅವಧಿಯ ಪ್ರಚೋದನೆ ಬೇಕಾಗುತ್ತದೆ. ನಮ್ಮ ಚಳಿಗಾಲ ಮುಗಿಯುವ ಹೊತ್ತಿನ ಒಣಹವೆ ಅದನ್ನು ಖರ್ಚಿಲ್ಲದೆ ಒದಗಿಸುತ್ತದೆ. ಹೂಮೊಗ್ಗು ಮೂಡಿದ್ದು ಕಂಡೊಡನೆ ಮೊದಲು ಸ್ವಲ್ಪ, ಆಮೇಲೆ ಹೆಚ್ಚಿಸುತ್ತಾ ನೀರು ಕೊಡಬೇಕು. ಅಲ್ಲಿಂದ ಕಾಯಿ ಬಲಿಯುವವರೆಗೆ ಬಿಡುವು ಕೊಡಬಾರದು. ಈ ಹಂತದಲ್ಲಿ ನೀರು ತಪ್ಪಿದರೆ ಹೂವು ಮತ್ತು ಎಳೆಗಾಯಿಗಳು ಉದುರುತ್ತವೆ, ಉಳಿದ ರಾಂಬುಟಾನ್ ಕಾಯಿಗಳಲ್ಲಿ ತಿರುಳು ತುಂಬುವುದಿಲ್ಲ. ಒಣಗಿದ ಮರಕ್ಕೆ ಒಮ್ಮೆಲೇ ಜೋರು ಮಳೆ ಸಿಕ್ಕಿದರೆ ಬಲಿತ ಹಣ್ಣಿನ ಸಿಪ್ಪೆ ಬಿರಿಯುತ್ತದೆ. ಇನ್ನೂ ಫಲಕ್ಕೆ ಬಾರದ ಎಳೆಗಿಡಗಳನ್ನು ಹೀಗೆ ಒಣಗಿಸುವುದರಿಂದ ಯಾವ ಲಾಭವೂ ಇಲ್ಲ.

ಕಾಫಿಯ ನಡುವೆ ಹಣ್ಣಿನ ಗಿಡ ಬೆಳೆಸುವವರು ಒಂದು ಮಾತನ್ನು ಗಮನಿಸಬೇಕು. ರೊಬಸ್ಟಾ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಹಾಕುವ ಪದ್ಧತಿಯು ಕಾಫಿಯ ಅಗತ್ಯಕ್ಕೆ ತಕ್ಕದ್ದು. ಹಣ್ಣಿನ ಮರಕ್ಕೆ ಬೇಕಾದದ್ದು ಅಷ್ಟೇ ನೀರಿನ ಚಿಕ್ಕ ಚಿಕ್ಕ ಕಂತುಗಳು. ಆದ್ದರಿಂದ ಹತ್ತೇ ಮರಗಳಿದ್ದರೂ ಅವಕ್ಕೆ ಬೇರೆಯೇ ಹನಿ ನೀರಾವರಿಯ ಪೈಪು ಎಳೆಯುವುದು ನನ್ನ ದೃಷ್ಟಿಯಲ್ಲಿ ದಂಡದ ಖರ್ಚಲ್ಲ.

ಪ್ರಮಾಣದ ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ಖರ್ಚಾಗುತ್ತದೆಂದು ಹಿಡಿದರೆ, ಒಂದೂವರೆ ಮೀಟರ್ ಅಗಲ ಹರಡಿದ ಎಳೆಗಿಡಕ್ಕೆ ಸುಮಾರು 7 ಲೀಟರ್, ನಾಲ್ಕು ಮೀಟರ್ ಹರಡಿದ ಮರಕ್ಕೆ ಸುಮಾರು 50 ಲೀಟರ್ ಬೇಕು. ನೆರಳಿನಲ್ಲಿರುವ ಗಿಡಕ್ಕೆ ಇದಕ್ಕಿಂತ ಕಡಿಮೆ ಸಾಕು. ನೀರನ್ನು ಕಾಂಡದ ಬುಡಕ್ಕೆ ಸುರಿಯದೆ ಕೊಂಬೆಗಳ ಹರವಿನ ಕೆಳಗೆ ಬಿಡಬೇಕು. ಮಳೆಗಾಲ ಕಳೆದು ಮಣ್ಣಿನಲ್ಲಿ ತೇವ ಇರುವಾಗಲೇ ತರಗೆಲೆಯನ್ನೋ ಕೊಳೆತ ಕಾಫಿ ಸಿಪ್ಪೆಯನ್ನೋ ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡದಿಂದ ಒಂದು ಗೇಣು ಬಿಡಬೇಕು. ಸಿಲ್ವರ್ ಓಕ್ ಎಲೆ ಬೇಗ ಕೊಳೆಯದಿರುವುದರಿಂದ ಹೊದಿಕೆಗೆ ಚೆನ್ನಾಗಿ ಒದಗುತ್ತದೆ.

ಮುಂಗಾರಿನಲ್ಲಿ ಸಮಸ್ಯೆ ತಿರುವುಮುರುವಾಗುತ್ತದೆ. ಗಟ್ಟಿ ಮಣ್ಣಿನಲ್ಲಿ ತೋಡಿದ ಗುಂಡಿಯು ಬಾನಿಯಂತೆ ನೀರು ಹಿಡಿದಿಟ್ಟುಕೊಂಡಾಗ ಬೇರಿಗೆ ಆಮ್ಲಜನಕ ಸಿಗದೆ, ಸುತ್ತ ನೀರಿದ್ದರೂ ಅದನ್ನು ಹೀರುವ ಶಕ್ತಿ ಕುಂದುತ್ತದೆ. ಬೆಣ್ಣೆಹಣ್ಣಿನ ಗಿಡ ಇದಕ್ಕೆ ಎಲ್ಲಕ್ಕಿಂತ ಬೇಗ ತುತ್ತಾಗುತ್ತದೆ, ಏಕೆಂದರೆ ನಿಂತ ನೀರಿನಲ್ಲಿ ಫೈಟಾಫ್ತೊರಾ ಬೇರುಕೊಳೆ ರೋಗ ಹರಡುತ್ತದೆ. ಆಗ ಎಲೆಗಳು ಚಿಕ್ಕದಾಗಿ, ಬಿಳಿಚಿಕೊಂಡು, ನೀರಿಲ್ಲದ ಗಿಡದಂತೆಯೇ ಜೋಲುತ್ತವೆ. ಅದನ್ನು ಬರವೆಂದು ಭಾವಿಸಿ ಇನ್ನಷ್ಟು ನೀರು ಹಾಯಿಸಿದರೆ ಗಿಡ ಕೈಬಿಟ್ಟಂತೆಯೇ. ಕೆಸರಾದ ಮಣ್ಣಿನಲ್ಲಿ ಎಲೆ ಜೋತಿದ್ದರೆ ಕವಲುಬೇರೊಂದನ್ನು ಬಿಡಿಸಿ ನೋಡಬೇಕು: ಆರೋಗ್ಯವಂತ ತುದಿ ಬೆಳ್ಳಗಿರುತ್ತದೆ, ಕೊಳೆತದ್ದು ಕಪ್ಪಾಗಿ ಮುರಿಯುತ್ತದೆ. ಮೇ ತಿಂಗಳ ಕೊನೆಯೊಳಗೆ ಪಾತಿಯ ಇಳಿಜಾರಿನ ಬದಿಯ ಕಟ್ಟೆಯನ್ನು ಒಡೆದು, ಮೇಲ್ಬದಿಗೆ ಅಡ್ಡ ಬಸಿಗಾಲುವೆ ತೋಡಿ, ಬುಡಕ್ಕೆ ಮಣ್ಣು ಏರಿಸುವಾಗ ಕಸಿಯ ಗಂಟು ಹೂತುಹೋಗದಂತೆ ನೋಡಿಕೊಳ್ಳಬೇಕು. ಹೊಸದಾಗಿ ನೆಡುವವರು ಬೆಣ್ಣೆಹಣ್ಣನ್ನು ಗುಂಡಿಯಲ್ಲಿ ತಗ್ಗಾಗಿ ನೆಡದೆ ದಿಬ್ಬದ ಮೇಲೆ ನೆಡುವುದು ಉತ್ತಮ.