ಕಂಪ್ಯಾನಿಯನ್ನೋ, ಗಾರ್ಬರ್ಗೋ: ಕತ್ತಿ ಇರುವ ಮನೆಗೆ ಚಾಕು ಆರಿಸುವುದು

ಬೆಂಗಳೂರಿನಲ್ಲಿರುವ ಅಣ್ಣನ ಮಗ ಹೋದ ವಾರ ಫೋನ್ ಮಾಡಿದ್ದ. "ಚಿಕ್ಕಪ್ಪ, ರಜೆಗೆ ಮಕ್ಕಳನ್ನ ಕರ್ಕೊಂಡು ಬರ್ತೀವಿ. ತೋಟದ ಕೆಳಗೆ ಹಳ್ಳದ ಹತ್ರ ಟೆಂಟ್ ಹಾಕೋಣ ಅಂತಿದೀವಿ. ಒಂದು ಒಳ್ಳೆ ಚಾಕು ತಗೋಬೇಕು. ಮೋರಾ ಕಂಪ್ಯಾನಿಯನ್ ತಗೊಳ್ಲೋ, ಗಾರ್ಬರ್ಗ್ ತಗೊಳ್ಲೋ?" ಅಂತ ಕೇಳಿದ. ಎರಡೂ ನನ್ನ ಹತ್ತಿರ ಇವೆ ಅಂತ ಅವನಿಗೆ ಗೊತ್ತು. ಅರ್ಧ ಗಂಟೆ ಮಾತಾಡಿದರೂ ಹೇಳಬೇಕಾದದ್ದು ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತೋಟ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಅಡಿಕೆ, ಮೆಣಸು, ನಡುವೆ ಬಾಳೆ. ಮಳೆ ಹಿಡಿದರೆ ಬಿಡುವುದಿಲ್ಲ. ಇಲ್ಲಿ ಯಾವ ಚಾಕು ಕೊಳ್ಳುವ ಮೊದಲೂ ಒಂದು ಮಾತು ನೆನಪಿಡಬೇಕು: ಸೊಂಟದಲ್ಲಿ ಆಗಲೇ ಒಂದು ಕತ್ತಿ ಇದೆ. ಗೂಟ ಕಡಿಯುವುದು, ಹೆರೆ ಸವರುವುದು, ಎಳನೀರು ಕೆತ್ತುವುದು, ದಾರಿಗೆ ಅಡ್ಡ ಬಂದ ಬಳ್ಳಿ ಕಡಿಯುವುದು ಎಲ್ಲ ಅದರ ಕೆಲಸ. ಊರಿನ ಕುಲುಮೆಯಲ್ಲಿ ಬಡಿದ ಕತ್ತಿಯ ತೂಕದ ಮುಂದೆ ಒಂದು ಗೇಣಿನ ಚಾಕು ಏನೂ ಅಲ್ಲ.

ಹೊರದೇಶದವರು ಚಾಕು ಆರಿಸುವಾಗ ಅದು ಎಲ್ಲ ಕೆಲಸವನ್ನೂ ಮಾಡಬೇಕು ಅಂತ ನೋಡುತ್ತಾರೆ. ಅಲಗಿನ ಬೆನ್ನಿಗೆ ದೊಣ್ಣೆಯಿಂದ ಹೊಡೆದು ಸೌದೆ ಸೀಳಬೇಕು, ಮರಕ್ಕೆ ಚುಚ್ಚಿ ಮೀಟಬೇಕು, ಆಮೇಲೆ ಈರುಳ್ಳಿಯನ್ನೂ ಹೆಚ್ಚಬೇಕು. ನಮಗೆ ಹಾಗಲ್ಲ. ಕತ್ತಿಗೆ ಆಗದ ಕೆಲಸಕ್ಕೆ ಮಾತ್ರ ನಮಗೆ ಚಾಕು ಬೇಕು. ಅಲ್ಲಿಂದ ಯೋಚನೆ ಶುರು ಮಾಡಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಈಗ ಆ ಎರಡು ಚಾಕುಗಳು. ಎರಡೂ ಸ್ವೀಡನ್ನಿನ ಮೋರಾ ಊರಿನವು. ಕಂಪನಿಯ ಹೆಸರು ಮೋರಾಕ್ನಿವ್. ಕ್ನಿವ್ ಅಂದರೆ ಅಲ್ಲಿನ ಭಾಷೆಯಲ್ಲಿ ಚಾಕು ಅಂತಲೇ. ಎರಡೂ ಮಡಚುವ ಚಾಕುಗಳಲ್ಲ. ಕಂಪ್ಯಾನಿಯನ್ನಿನ ಅಲಗು ಸುಮಾರು 104 ಮಿಲಿಮೀಟರ್, ಗಾರ್ಬರ್ಗಿನದು 109. ಉದ್ದದಲ್ಲಿ ಅಂಥ ವ್ಯತ್ಯಾಸ ಇಲ್ಲ. ದಪ್ಪದಲ್ಲಿ ಇದೆ. ನನ್ನ ಹತ್ತಿರ ಇರುವ ಸ್ಟೇನ್‌ಲೆಸ್ ಕಂಪ್ಯಾನಿಯನ್ 2.5 ಮಿಲಿಮೀಟರ್, ಗಾರ್ಬರ್ಗ್ 3.2 ಮಿಲಿಮೀಟರ್. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಒಂದು ಕ್ಯಾರೆಟ್ ತೆಗೆದುಕೊಂಡು ಎರಡರಲ್ಲೂ ಕೊಯ್ದು ನೋಡಿ. ಕಂಪ್ಯಾನಿಯನ್ ಕೊಯ್ಯುತ್ತದೆ. ಗಾರ್ಬರ್ಗ್ ಅರ್ಧ ಇಳಿಯುವಷ್ಟರಲ್ಲಿ ಬೆಣೆ ಹೊಡೆದ ಹಾಗೆ ಪಟ್ ಅಂತ ಸೀಳಿಬಿಡುತ್ತದೆ. ದಪ್ಪ ಅಂದರೆ ಬಲ. ಅದೇ ದಪ್ಪ ಕೊಯ್ಯುವಾಗ ಅಡ್ಡ ಬರುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಹಿಡಿಯ ಒಳಗಿದೆ. ಗಾರ್ಬರ್ಗಿನಲ್ಲಿ ಉಕ್ಕು ಹಿಡಿಯ ಉದ್ದಕ್ಕೂ ಹೋಗಿ ಹಿಂದಿನ ತುದಿಯಲ್ಲಿ ಹೊರಗೆ ಕಾಣುತ್ತದೆ. ಕಂಪ್ಯಾನಿಯನ್ನಿನಲ್ಲಿ ಅದು ಹಿಡಿಯ ಒಳಗೇ ನಿಲ್ಲುತ್ತದೆ. ಹಿಡಿಯೊಳಗಿನ ಈ ಉಕ್ಕಿನ ವಿಷಯ ನನಗೆ ಕಷ್ಟಪಟ್ಟು ಗೊತ್ತಾದದ್ದು. ಎಷ್ಟೋ ವರ್ಷದ ಹಿಂದೆ ಪೇಟೆಯಲ್ಲಿ ಒಂದು ಅಗ್ಗದ ಚಾಕು ಕೊಂಡಿದ್ದೆ. ಹಿಡಿ ಟೊಳ್ಳು, ಅದರೊಳಗೆ ಬೆಂಕಿಪೊಟ್ಟಣ, ಗಾಳ, ದಿಕ್ಸೂಚಿ. ಬೆನ್ನಿಗೆ ಗರಗಸದ ಹಲ್ಲು. ಒಂದು ದಿನ ಒಣ ಹಲಸಿನ ಕೊಂಬೆಗೆ ಇಟ್ಟು ಕೊಡತಿಯಿಂದ ಬೆನ್ನಿಗೆ ಹೊಡೆದೆ. ಮೂರನೇ ಏಟಿಗೆ ಅಲಗು ಹಿಡಿಯಿಂದ ಕಿತ್ತು ಹಾರಿತು. ನನ್ನ ಮೊಣಕಾಲ ಪಕ್ಕದಲ್ಲೇ ಹೋಯಿತು. ಆಮೇಲೆ ನೋಡಿದರೆ ಒಂದು ಸಣ್ಣ ಬೋಲ್ಟು, ಅಷ್ಟೇ ಹಿಡಿದುಕೊಂಡಿದ್ದದ್ದು. ಅಂಥ ಟೊಳ್ಳು ಹಿಡಿಯ ಚಾಕು ಎಷ್ಟೇ ಅಗ್ಗಕ್ಕೆ ಸಿಕ್ಕರೂ ದಯವಿಟ್ಟು ಕೊಳ್ಳಬೇಡಿ.

ಕಂಪ್ಯಾನಿಯನ್ ಅಂಥದ್ದಲ್ಲ. ಹೆಬ್ಬೆರಳು ದಪ್ಪದ ಕೋಲು ಸೀಳುವುದಕ್ಕೆ, ಕೆತ್ತುವುದಕ್ಕೆ, ಅಡುಗೆಗೆ ಅದರ ಹಿಡಿ ಧಾರಾಳ ಸಾಕು. ಆದರೆ ಗಂಟು ಇರುವ ಮರಕ್ಕೆ ಇಟ್ಟು ಹೊಡೆಯುವುದು, ಸಿಕ್ಕಿಕೊಂಡಾಗ ತಿರುಚುವುದು ಅದಕ್ಕೆ ಹೇಳಿದ್ದಲ್ಲ. ಅಂಥ ಕೆಲಸ ಇದ್ದರೆ ಗಾರ್ಬರ್ಗ್ ಬೇಕು. ಮಳೆಗಾಲದಲ್ಲಿ ಸೌದೆಯ ಹೊರಗೆಲ್ಲ ಒದ್ದೆ, ಒಳಗಿನ ತಿರುಳು ಮಾತ್ರ ಒಣ. ಸೀಳದೆ ಬೆಂಕಿ ಹತ್ತುವುದಿಲ್ಲ. ಕತ್ತಿ ಕೈಗೆ ಸಿಗದ ಜಾಗದಲ್ಲಿ ಒಂದೇ ಚಾಕು ನಂಬಿ ಇರುವವರು ಗಾರ್ಬರ್ಗ್ ಕೊಳ್ಳುವುದರಲ್ಲಿ ಅರ್ಥ ಇದೆ. ಅದರ ಬೆನ್ನಿನ ಅಂಚು ಚೂಪಾಗಿ ಉಜ್ಜಿರುತ್ತದೆ, ಫೆರೋ ರಾಡ್ (ಬೆಂಕಿ ಹೊತ್ತಿಸಲು ಕಿಡಿ ಹಾರಿಸುವ ಲೋಹದ ಕಡ್ಡಿ) ಕೆರೆದರೆ ಕಿಡಿ ಚೆನ್ನಾಗಿ ಬೀಳುತ್ತದೆ. ಕಂಪ್ಯಾನಿಯನ್ನಿನ ಬೆನ್ನು ಹಾಗಿರುವುದಿಲ್ಲ. ಅರದಿಂದ ಎರಡು ಬೆರಳಿನಷ್ಟು ಜಾಗ ಉಜ್ಜಿ ಅಂಚು ಚೂಪು ಮಾಡಿಕೊಂಡರೆ ಅದೂ ಕಿಡಿ ಕೊಡುತ್ತದೆ. ನನ್ನದರಲ್ಲಿ ಹತ್ತು ನಿಮಿಷದ ಕೆಲಸ ಆಯಿತು.

ಹಿಡಿತದ ಬಗ್ಗೆ ನನ್ನ ಅನುಭವ ಬೇರೆಯೇ. ಗಾರ್ಬರ್ಗಿನ ಹಿಡಿ ಗಟ್ಟಿ ಪ್ಲಾಸ್ಟಿಕ್ಕಿನದು. ಕಂಪ್ಯಾನಿಯನ್ನಿನದು ರಬ್ಬರಿನ ಹಾಗೆ ಮೆತ್ತಗೆ ಕೈಗೆ ಅಂಟುತ್ತದೆ. ಬೆರಳು ಜಾರಿ ಅಲಗಿನ ಬಾಯಿಗೆ ಹೋಗದ ಹಾಗೆ ಮುಂದೆ ಒಂದು ಉಬ್ಬೂ ಇದೆ. ಬಾಳೆಯ ಸೊನೆ, ಮೀನಿನ ಲೋಳೆ, ಮಳೆ ನೀರು ಕೈಯಲ್ಲಿ ಇದ್ದಾಗ ಆ ಉಬ್ಬು ಎಷ್ಟು ಬೆಲೆಯದ್ದು ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲಿ ಒಣ ಕೈಯಲ್ಲಿ ಹಿಡಿದರೆ ಎರಡೂ ಒಂದೇ. ಮನೆಗೆ ತಂದ ಮೇಲೆ ಚಾಕುವನ್ನು ಒರೆಯಲ್ಲೇ ಇಟ್ಟು, ಕೈಗೆ ಸೋಪು ನೀರು ಹಚ್ಚಿಕೊಂಡು ಹಿಡಿಯನ್ನು ಮಾತ್ರ ಹಿಡಿದು ಒತ್ತಿ ನೋಡಿ. ಕೈ ಮುಂದಕ್ಕೆ ಜಾರಿದರೆ ಆ ಚಾಕು ನಿಮ್ಮ ಕೈಗೆ ಆಗುವುದಿಲ್ಲ.

ಉಕ್ಕಿಗೆ ಬರೋಣ. ಕಂಪ್ಯಾನಿಯನ್ ಕಾರ್ಬನ್ ಉಕ್ಕಿನಲ್ಲೂ ಸಿಗುತ್ತದೆ. ಮಸೆಯುವುದು ಸುಲಭ, ಬಾಯಿ ಬಹಳ ಚೆನ್ನಾಗಿ ಬರುತ್ತದೆ. ಮೊದಲು ನಾನೂ ಅದನ್ನೇ ಇಟ್ಟುಕೊಂಡಿದ್ದೆ. ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ, ಹಸಿ ಅಡಿಕೆ ಸುಲಿದರೂ ಕಪ್ಪಾಗುತ್ತದೆ. ಆ ಕಪ್ಪಿನಿಂದ ತೊಂದರೆ ಇಲ್ಲ. ಕೆಂಪು ತುಕ್ಕಿನಿಂದ ಇದೆ. ಆಷಾಢದಲ್ಲಿ ಸಂಜೆ ಒರೆಸದೆ ಒರೆಗೆ ಹಾಕಿದರೆ ಬೆಳಿಗ್ಗೆ ತುಕ್ಕಿನ ಚುಕ್ಕೆ ಎದ್ದಿರುತ್ತವೆ. ದಿನಾ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ಕಾರ್ಬನ್ ತಗೊಳ್ಳಿ. ವರ್ಷಕ್ಕೆ ಎರಡು ಸಲ ಬ್ಯಾಗಿನಿಂದ ಹೊರಗೆ ತೆಗೆಯುವವರಿಗೆ ಸ್ಟೇನ್‌ಲೆಸ್ಸೇ ಸರಿ. ಸ್ಟೇನ್‌ಲೆಸ್ ಕಂಪ್ಯಾನಿಯನ್ನಿನಲ್ಲಿ ಬರುವುದು 12ಸಿ27 ಅನ್ನುವ ಉಕ್ಕು, ಸ್ಟೇನ್‌ಲೆಸ್ ಗಾರ್ಬರ್ಗಿನಲ್ಲಿ 14ಸಿ28ಎನ್. ಎರಡನೆಯದರಲ್ಲಿ ಸ್ವಲ್ಪ ಸಾರಜನಕ ಸೇರಿಸಿದ್ದಾರೆ, ತುಕ್ಕು ತಡೆಯುವ ಶಕ್ತಿ ಇನ್ನೂ ಜಾಸ್ತಿ. ಕಾಗದದ ಮೇಲೆ ಗಾರ್ಬರ್ಗಿನದೇ ಮೇಲು. ನಮ್ಮ ಮಳೆಯಲ್ಲಿ ನನಗೆ ಎರಡರಲ್ಲೂ ತುಕ್ಕಿನ ತಾಪತ್ರಯ ಬಂದಿಲ್ಲ.

ಒರೆ ಮಾತ್ರ ಚರ್ಮದ್ದು ಬೇಡ. ನೋಡಲು ಚೆಂದ, ನಿಜ. ಮಲೆನಾಡಿನಲ್ಲಿ ಜೂನ್ ಮುಗಿಯುವಷ್ಟರಲ್ಲಿ ಬೂಸ್ಟು ಹಿಡಿಯುತ್ತದೆ, ಒಳಗೆ ತೇವ ಉಳಿಯುತ್ತದೆ. ಗಾರ್ಬರ್ಗ್ ಚರ್ಮದ ಒರೆಯಲ್ಲೂ ಪ್ಲಾಸ್ಟಿಕ್ ಒರೆಯಲ್ಲೂ ಸಿಗುತ್ತದೆ. ಪ್ಲಾಸ್ಟಿಕ್ಕಿನದೇ ಆರಿಸಿ. ಕಂಪ್ಯಾನಿಯನ್ನಿನ ಒರೆಯ ತಳದಲ್ಲಿ ನೀರು ಇಳಿಯಲು ತೂತು ಇರುತ್ತದೆ, ಅದು ಮಣ್ಣು ಕಟ್ಟಿಕೊಳ್ಳದ ಹಾಗೆ ನೋಡಿಕೊಂಡರೆ ಸಾಕು.

ಮಸೆಯುವುದು ಎರಡಕ್ಕೂ ಒಂದೇ ಥರ. ಅಲಗಿನ ಎರಡೂ ಕಡೆ ಬಾಯಿಯ ಹತ್ತಿರ ಒಂದು ಅಗಲವಾದ ಇಳಿಜಾರು ಪಟ್ಟಿ ಕಾಣುತ್ತದೆ. ಆ ಪಟ್ಟಿಯನ್ನು ಪೂರ್ತಿಯಾಗಿ ಕಲ್ಲಿಗೆ ತಾಗಿಸಿ ಒರಗಿಸಿದರೆ ಕೋನ ತಾನಾಗಿ ಬರುತ್ತದೆ. ಕೈ ಪಳಗದವರಿಗೂ ಬರುತ್ತದೆ. ಕತ್ತಿಯನ್ನು ಮಸೆಮರದ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಎಳೆಯುತ್ತೇವಲ್ಲ, ಆ ಅಭ್ಯಾಸವನ್ನು ಇದಕ್ಕೆ ತರಬೇಡಿ. ಆ ಪಟ್ಟಿ ಉರುಟಾಗಿಬಿಡುತ್ತದೆ. 1000 ನಂಬರಿನ ನೀರುಕಲ್ಲು (ನೀರು ಹಾಕಿ ಮಸೆಯುವ ಕಲ್ಲು) ಒಂದು, ಕೊನೆಗೆ ಎಳೆಯಲು ಹಳೆ ಚರ್ಮದ ಬೆಲ್ಟು ಒಂದು. ಇಷ್ಟೇ ನನ್ನ ಸಾಮಾನು.

ಕಾನೂನಿನ ವಿಷಯವನ್ನೂ ಹೇಳಬೇಕು. ಮನೆ, ಕೃಷಿ ಕೆಲಸಕ್ಕೆ ಅಂತ ಮಾಡಿದ್ದನ್ನು ಬಿಟ್ಟರೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುತ್ತದೆ. ಈ ಎರಡೂ ಚಾಕುಗಳು ಆ ಅಳತೆಗಿಂತ ಚಿಕ್ಕವು. ಆದರೆ ಅಭಯಾರಣ್ಯಕ್ಕೆ ಒಯ್ಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಚಾಕುವೂ ಸೇರುತ್ತದೆ, ಅನುಮತಿ ಪತ್ರ ಇಲ್ಲದೆ ಆಯುಧದ ಜೊತೆ ಒಳಗೆ ಹೋಗುವಂತಿಲ್ಲ. ಕುಮಾರ ಪರ್ವತ ಪುಷ್ಪಗಿರಿ ಅಭಯಾರಣ್ಯಕ್ಕೆ ಸೇರಿದ್ದು. ಅಲ್ಲಿಗೆ ಹೊರಟರೆ ಚಾಕು ಮನೆಯಲ್ಲೇ ಇರಲಿ. ವಿಮಾನದಲ್ಲಿ ಬರುವವರು ಕೈಚೀಲದಲ್ಲಿ ಇಡಬೇಡಿ. ಬಸ್ಸಿನಲ್ಲಿ ಬರುವಾಗಲೂ ಬಟ್ಟೆ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿ, ಸೊಂಟಕ್ಕೆ ಕಟ್ಟಿಕೊಂಡು ಓಡಾಡಬೇಡಿ.

ಇಷ್ಟೆಲ್ಲ ಆದ ಮೇಲೆ ಅಣ್ಣನ ಮಗನಿಗೆ ನಾನು ಹೇಳಿದ್ದು ಸ್ಟೇನ್‌ಲೆಸ್ ಕಂಪ್ಯಾನಿಯನ್ ತಗೋ ಅಂತ. ಗಾರ್ಬರ್ಗಿನ ಬೆಲೆ ಅದರ ಮೂರು ಪಟ್ಟಿಗಿಂತ ಜಾಸ್ತಿ. ಆ ದುಡ್ಡಿಗೆ ಸಿಗುವ ಬಲ ಇಲ್ಲಿ ಕತ್ತಿಯ ರೂಪದಲ್ಲಿ ಜಗಲಿಯಲ್ಲೇ ಇದೆ. ಅವನು ಮಾಡುವ ಕೆಲಸ ಏನು? ತರಕಾರಿ ಹೆಚ್ಚುವುದು, ಹಗ್ಗ ಕೊಯ್ಯುವುದು, ಬೆಂಕಿಗೆ ಕೋಲಿನ ಮೇಲೆ ತೆಳ್ಳಗೆ ಸುರುಳಿ ಎಬ್ಬಿಸುವುದು, ಮಕ್ಕಳಿಗೆ ಬಿದಿರಿನ ಪೀಪಿ ಕೆತ್ತಿಕೊಡುವುದು. ಇದಕ್ಕೆಲ್ಲ ತೆಳುವಾದ ಅಲಗೇ ಚೆನ್ನ. ನಾನೂ ದಿನಾ ಕೈಗೆತ್ತಿಕೊಳ್ಳುವುದು ಅದನ್ನೇ. ಗಾರ್ಬರ್ಗ್ ಜೀಪಿನಲ್ಲಿ ಇರುತ್ತದೆ, ಗಾಳಿಗೆ ಮರ ಬಿದ್ದು ದಾರಿ ಕಟ್ಟಿ, ಕತ್ತಿ ತರುವುದು ಮರೆತ ದಿನಕ್ಕೆ.

"ಮಕ್ಕಳ ಕೈಗೆ ಕೊಡಬಹುದಾ ಚಿಕ್ಕಪ್ಪ?" ಅಂತ ಕೊನೆಗೆ ಕೇಳಿದ. ದೊಡ್ಡವಳಿಗೆ ಹತ್ತು ವರ್ಷ, ಕೊಡಬಹುದು. ಕೂತು ಕೆತ್ತಬೇಕು, ತೊಡೆಯಿಂದ ಆಚೆಗೆ ಕೆತ್ತಬೇಕು, ಮುಗಿದ ತಕ್ಷಣ ಒರೆಗೆ ಹಾಕಬೇಕು. ನಮ್ಮಮ್ಮ ಕತ್ತಿಯನ್ನಾಗಲಿ ಚಾಕುವನ್ನಾಗಲಿ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ಜಗಳ ಬರುತ್ತದೆ ಅನ್ನುತ್ತಿದ್ದಳು. ನೆಲಕ್ಕೆ ಇಡುತ್ತಿದ್ದಳು, ನಾವು ಎತ್ತಿಕೊಳ್ಳಬೇಕಿತ್ತು. ನಿನ್ನ ಮಗಳಿಗೂ ಹಾಗೇ ಕಲಿಸು ಅಂದೆ. ಉಳಿದ ದುಡ್ಡಿನಲ್ಲಿ ನೀರುಕಲ್ಲು ತಂದರೆ ಮಸೆಯುವುದನ್ನು ನಾನೇ ಹೇಳಿಕೊಡುತ್ತೇನೆ.