ಖಾಲಿ ಟೇಬಲ್‌ಗಳ ಫೋಟೋ ಯಾಕೆ ತೆಗೆಯುತ್ತಿದ್ದೆ?

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಹಾಲ್ ದೊಡ್ಡದೇನಲ್ಲ. ಸೋಫಾವನ್ನು ಗೋಡೆಗೆ ಒತ್ತಿದರೆ ಎಂಟು ಅಡಿ ನೆಲ ಸಿಗುತ್ತದೆ. ಕಳೆದ ವರ್ಷ ಒಂದು ಭಾನುವಾರ ಆ ನೆಲದ ತುಂಬ 90 ಫೋಟೋ ಹರಡಿಕೊಂಡು ಕೂತಿದ್ದೆ. ಎಲ್ಲ ನಾನೇ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿದವು. ಗುಡಿಸಲು ಬಂದ ಹೆಂಡತಿ ಪೊರಕೆ ಹಿಡಿದುಕೊಂಡೇ ಬಗ್ಗಿ ನೋಡಿದಳು. "ಇದೆಂತ ಮಾರಾಯ್ರೆ, ಬರೀ ಎಂಜಲು ಟೇಬಲ್ಲೇ ಉಂಟಲ್ಲ?"

ಎಣಿಸಿದೆ. 90ರಲ್ಲಿ 37. ತಿಂದು ಎದ್ದುಹೋದ ಮೇಲಿನ ಟೇಬಲ್, ಕಾಫಿ ಲೋಟದ ಒದ್ದೆ ಉಂಗುರ, ಮಡಚಿಟ್ಟ ಬಾಳೆಲೆ, ತಟ್ಟೆಯ ಅಂಚಿಗೆ ಸರಿಸಿಟ್ಟ ಕರಿಬೇವು. ತೆಗೆಯುವಾಗ ಒಮ್ಮೆಯೂ ಹೀಗೆ ಅಂತ ಹೊಳೆದಿರಲಿಲ್ಲ.

ಇದು ಶುರುವಾದದ್ದು ನಿದ್ದೆ ಇಲ್ಲದೆ. 2023ರಲ್ಲಿ ನಾನು ಅಕೌಂಟ್ಸ್ ನೋಡುತ್ತಿದ್ದ ಕಂಪನಿ 55 ದಾಟಿದ ನಮ್ಮನ್ನೆಲ್ಲ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸಿತು. ದುಡ್ಡಿನ ತೊಂದರೆ ಇರಲಿಲ್ಲ. ಆದರೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಎದೆ ಡವಡವ ಅನ್ನುತ್ತಿತ್ತು. ಇಸಿಜಿ ಸರಿ ಬಂತು. ಕೊನೆಗೆ ಪಕ್ಕದ ಠಾಣೆ ನಗರದಲ್ಲಿ ಒಬ್ಬರು ಕೌನ್ಸೆಲರ್ ಹತ್ತಿರ ಹೋದೆ. ಮಾತಾಡಿ ಅಂದರೆ ನಾನು ಲೆಕ್ಕ ಒಪ್ಪಿಸುವವನ ಹಾಗೆ ತಾರೀಖು ಹೇಳುತ್ತಿದ್ದೆ. ಮೂರನೇ ಸಲ ಅವರು, "ಮಾತು ಬಿಡಿ, ದಿನಕ್ಕೊಂದು ಫೋಟೋ ತೆಗೀರಿ" ಅಂದರು.

ಇದಕ್ಕೆ ಫೋಟೋಥೆರಪಿ ಅನ್ನುತ್ತಾರೆ. ಮಗಳು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಳು. ಕಾಮಾಲೆ ಆದ ಹಸುಗೂಸುಗಳನ್ನು ನೀಲಿ ಲೈಟಿನ ಕೆಳಗೆ ಮಲಗಿಸಿದ ಚಿತ್ರ ಬಂತು. "ಅಪ್ಪ, ನಿನ್ನನ್ನೂ ಹೀಗೆ ಮಲಗಿಸ್ತಾರಾ?" ಎರಡಕ್ಕೂ ಒಂದೇ ಹೆಸರು, ಏನು ಮಾಡೋದು! ಫೋಟೋ ಹಿಡಿದು ಮನಸ್ಸಿನ ಮಾತು ಹೊರತೆಗೆಯುವ ಈ ಎರಡನೆಯದನ್ನು ಬೆಳೆಸಿದವರಲ್ಲಿ ಕೆನಡಾದ ವ್ಯಾಂಕೂವರಿನ ಮನಃಶಾಸ್ತ್ರಜ್ಞೆ ಜೂಡಿ ವೈಸರ್ ಮುಖ್ಯರು. ನಾವು ತೆಗೆದ ಫೋಟೋ, ನಮ್ಮನ್ನು ಬೇರೆಯವರು ತೆಗೆದದ್ದು, ನಮ್ಮನ್ನು ನಾವೇ ತೆಗೆದುಕೊಂಡದ್ದು, ಮನೆಯ ಆಲ್ಬಮ್, ಯಾವುದೋ ಒಂದು ಫೋಟೋ ನೋಡಿ ನಾವು ಅದಕ್ಕೆ ಕಟ್ಟುವ ಅರ್ಥ, ಈ ಐದನ್ನೂ ಅವರು ಬಳಸುತ್ತಾರೆ. ಕೌನ್ಸೆಲರ್ ಜೊತೆ ಕೂತು ಮಾಡುವುದನ್ನೂ ನಮ್ಮಷ್ಟಕ್ಕೆ ನಾವೇ ಮಾಡಿಕೊಳ್ಳುವುದನ್ನೂ ಅವರು ಬೇರೆಬೇರೆಯಾಗಿಯೇ ನೋಡುತ್ತಾರೆ. ನನ್ನದು ಎರಡೂ ಬೆರೆತದ್ದು. ತೆಗೆಯುವಾಗ ಒಬ್ಬನೇ, ನೋಡುವಾಗ ತಿಂಗಳಿಗೊಮ್ಮೆ ಕೌನ್ಸೆಲರ್ ಎದುರು.

ಕ್ಯಾಮೆರಾ ಕೊಳ್ಳಲಿಲ್ಲ. ಕ್ಲಾಸಿಗೆ ಸೇರೋಣ ಅಂತ ಒಂದು ಕಡೆ ವಿಚಾರಿಸಿದ್ದೆ. ಅವರು ಮೊದಲು ಲೆನ್ಸಿನ ರೇಟ್ ಹೇಳಿದರು, ನಾನು ಚಪ್ಪಲಿ ಹಾಕಿಕೊಂಡೆ. ಹಳೇ ಮೊಬೈಲೇ ಸಾಕಾಯಿತು. ದಿನಕ್ಕೆ ಒಂದೇ ಫೋಟೋ. ಕೆಟ್ಟದಾಗಿ ಬಂದರೂ ಡಿಲೀಟ್ ಮಾಡಬಾರದು, ಬಣ್ಣ ತಿದ್ದಬಾರದು, ಯಾರಿಗೂ ಕಳಿಸಬಾರದು. ತಿಂಗಳ ಕೊನೆಗೆ ಸ್ಟೇಷನ್ ಹತ್ತಿರದ ಸ್ಟುಡಿಯೋದಲ್ಲಿ ಪ್ರಿಂಟ್. ಈ ಪ್ರಿಂಟ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಮೊಬೈಲಿನಲ್ಲಿ ಒಂದಾದ ಮೇಲೆ ಒಂದು ಸರಿದು ಹೋಗುತ್ತದೆ, ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ. ನನ್ನ 37 ಟೇಬಲ್ ಕಂಡದ್ದು ನೆಲದ ಮೇಲೇ.

ಯಾರಿಗೂ ಕಳಿಸಬಾರದು ಅನ್ನುವುದನ್ನು ಎರಡನೇ ವಾರಕ್ಕೇ ಮುರಿದಿದ್ದೆ. ಮಳೆಯಲ್ಲಿ ನೆನೆದ ಪ್ಲಾಟ್‌ಫಾರ್ಮಿನ ಫೋಟೋ ಒಂದನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಭಾವ "ಸೂಪರ್" ಅಂದರು, ಅತ್ತಿಗೆ ಚಪ್ಪಾಳೆ ತಟ್ಟಿದರು. ಅಷ್ಟೇ, ಕೆಟ್ಟಿತು. ಮರುದಿನದಿಂದ ಮರೀನ್ ಡ್ರೈವ್ ಸೂರ್ಯಾಸ್ತ, ಗೇಟ್‌ವೇ ಪಾರಿವಾಳ! ಇಪ್ಪತ್ತು ದಿನದ ಆ ಫೋಟೋಗಳಲ್ಲಿ ನಾನು ಎಲ್ಲೂ ಇಲ್ಲ. ಯಾವ ಕ್ಯಾಲೆಂಡರಿನಲ್ಲಾದರೂ ಸಿಗುವಂಥವು. ಅವನ್ನು ಬೇರೆ ಕವರಿಗೆ ಹಾಕಿ ಮತ್ತೆ ಒಂದರಿಂದ ಶುರು ಮಾಡಿದೆ.

ಇನ್ನೊಂದು ಪಾಠ ಮೀನು ಮಾರ್ಕೆಟ್ಟಿನಲ್ಲಿ ಆಯಿತು. ಸುಸ್ತಾಗಿ ಕೂತಿದ್ದ ಒಬ್ಬ ಅಜ್ಜಿಯ ಕಡೆ ಸುಮ್ನೆ ಮೊಬೈಲ್ ಎತ್ತಿದೆ. "ಫೋಟೋ ಕಶಾಲಾ ಕಾಢ್ತೋಸ್ ರೇ?" (ಫೋಟೋ ಯಾಕೋ ತೆಗೀತೀಯ?) ಅಂತ ಮರಾಠಿಯಲ್ಲಿ ಇಡೀ ಸಾಲಿಗೆ ಕೇಳುವ ಹಾಗೆ ಗದರಿದಳು. ನ್ಯಾಯವೇ. ನನ್ನ ಮನಸ್ಸಿನ ಮದ್ದಿಗೆ ಅವಳ ಮುಖ ಯಾಕೆ ಬೇಕು? ಆಮೇಲೆ ಕೇಳದೆ ಯಾರ ಮುಖವನ್ನೂ ತೆಗೆದಿಲ್ಲ.

ಈಗ ಆ 37ರ ವಿಷಯ. ಅವನ್ನು ಠಾಣೆಗೆ ಒಯ್ದು ಕೌನ್ಸೆಲರ್ ಮೇಜಿನ ಮೇಲೆ ಜೋಡಿಸಿದೆ. ಊಟ ಮಾಡಿ ಹೋದವರು ಯಾರು ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಈ ಟೇಬಲ್ ಮುಂದೆ ನಿಂತು ನೋಡ್ತಿರೋದು ಯಾರು? ಅವನು ಎಷ್ಟು ಎತ್ತರ?"

ಎತ್ತರ! ನಾನು ಐದೂ ಮುಕ್ಕಾಲು ಅಡಿ ಇದ್ದೇನೆ. ಆದರೆ ಆ ಫೋಟೋಗಳೆಲ್ಲ ಬಗ್ಗಿ ತೆಗೆದವು, ಟೇಬಲ್ಲಿನ ಅಂಚು ಎದೆಗೆ ತಾಗುವಷ್ಟು ಕೆಳಗಿಂದ. ಹದಿಮೂರು ವರ್ಷದ ಹುಡುಗನ ಎತ್ತರ ಅದು.

1981ರಲ್ಲಿ ಕುಂದಾಪುರದ ಕಡೆಯಿಂದ ಮಾವನ ಜೊತೆ ಮುಂಬಯಿಗೆ ಬಂದಾಗ ನನಗೆ ಹದಿಮೂರು. ಲಾಲ್‌ಬಾಗಿನ ಒಂದು ಹೋಟೆಲಿನಲ್ಲಿ ಕ್ಲೀನರ್ ಆದೆ. ಬೆಂಗಳೂರಿನ ತೋಟ ಅಲ್ಲ, ಮುಂಬಯಿಯ ಬಟ್ಟೆ ಗಿರಣಿಗಳ ಕೇರಿ. ಪಾಳಿ ಬಿಟ್ಟ ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗಿದರೆ ಹತ್ತು ನಿಮಿಷದಲ್ಲಿ ಎಲ್ಲ ಟೇಬಲ್ಲೂ ಭರ್ತಿ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಮೊದಮೊದಲು ಒಂದು ಚಹಾ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದರು. ಆಮೇಲೆ ಉದ್ರಿ ಪುಸ್ತಕ ತುಂಬಿತು. ಆಮೇಲೆ ಒಬ್ಬೊಬ್ಬರೇ ಊರಿಗೆ ಹೋದರು. ಒರೆಸಲು ಎಂಜಲು ಇಲ್ಲ. ಆದರೂ ಗಲ್ಲಾದಲ್ಲಿ ಕೂತ ಧನಿಗಳು ನೋಡುತ್ತಾರೆ ಅಂತ ಒಣಗಿದ ಟೇಬಲ್ಲನ್ನೇ ಮತ್ತೆಮತ್ತೆ ಒರೆಸುತ್ತಿದ್ದೆ. ಕೈ ನಿಂತರೆ ಊರಿಗೆ ಕಳಿಸುತ್ತಾರೆ ಅನ್ನುವ ಭಯ. ಕೊನೆಗೆ ಕಳಿಸಿಯೇ ಬಿಟ್ಟರು. ಮುಂದಿನ ವರ್ಷ ಮತ್ತೆ ಬಂದು, ಮುಂಬಯಿಯ ಫೋರ್ಟ್ ಬಡಾವಣೆಯಲ್ಲಿ ಕೆಲಸ ಹಿಡಿದು, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದೆ.

ಇದನ್ನು ಕೌನ್ಸೆಲರಿಗೆ ಹೇಳುತ್ತಾ ಹೇಳುತ್ತಾ ಮಾತು ನಿಂತಿತು. ಕಂಪನಿಯ ಕೊನೆಯ ಮೂರು ತಿಂಗಳು ನನಗೆ ಕೆಲಸವೇ ಕೊಟ್ಟಿರಲಿಲ್ಲ. ಮ್ಯಾನೇಜರ್ ಆ ಕಡೆ ಬಂದಾಗಲೆಲ್ಲ ಮುಗಿದುಹೋದ ವರ್ಷದ ಎಕ್ಸೆಲ್ ಫೈಲ್ ತೆರೆದು ಮೇಲಿಂದ ಕೆಳಗೆ ಓಡಿಸುತ್ತಿದ್ದೆ. ಒಣಗಿದ ಟೇಬಲ್ ಒರೆಸಿದ ಹಾಗೇ, ಅಲ್ವಾ?

ಆ ರಾತ್ರಿಯೇ ನಿದ್ದೆ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಮುಂದಿನ ಎರಡು ವಾರ ಇನ್ನೂ ಹಾಳಾಯಿತು. ಊರಿನ ಹಳೇ ಆಲ್ಬಮ್ ತೆಗೆದು, ತಡೆಯಲಾಗದೆ ಮುಚ್ಚಿಟ್ಟೆ. ಆ ವಾರ ಫೋಟೋ ತೆಗೆಯುವುದನ್ನೇ ನಿಲ್ಲಿಸಿ, ಕೌನ್ಸೆಲರಿಗೆ ಫೋನ್ ಮಾಡಿದೆ. ಒಬ್ಬರೇ ಮಾಡುವವರು ಇದನ್ನು ನೆನಪಿಡಿ. ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ, 14416. ಕನ್ನಡದಲ್ಲೂ ಮಾತಾಡುತ್ತಾರೆ. ಕ್ರಮೇಣ ಮೂರು ಗಂಟೆಯ ಎಚ್ಚರ ವಾರಕ್ಕೆ ಒಂದೆರಡು ಸಲಕ್ಕೆ ಇಳಿಯಿತು.

ಉಳಿದದ್ದು ನನ್ನನ್ನು ನಾನೇ ತೆಗೆದುಕೊಳ್ಳುವುದು. ಬ್ರಿಟನ್ನಿನ ಜೋ ಸ್ಪೆನ್ಸ್ ಅನ್ನುವ ಫೋಟೋಗ್ರಾಫರಿಗೆ 1982ರಲ್ಲಿ, ನಾನು ಟೇಬಲ್ ಒರೆಸುತ್ತಿದ್ದ ಅದೇ ವರ್ಷ, ಸ್ತನ ಕ್ಯಾನ್ಸರ್ ಗೊತ್ತಾಯಿತು. ಡಾಕ್ಟರುಗಳ ಕೈಗೆ ದೇಹ ಒಪ್ಪಿಸಿ ಸುಮ್ಮನಿರದೆ, ಆ ದೇಹವನ್ನೇ ಕ್ಯಾಮೆರಾ ಮುಂದೆ ಇಟ್ಟವರು ಅವರು. ಅಂಥ ಧೈರ್ಯ ನನಗಿಲ್ಲ. ಲಾಲ್‌ಬಾಗಿಗೆ ಹೋಗಿ ಹೋಟೆಲ್ ಇದ್ದ ಜಾಗದಲ್ಲಿ ನಿಂತು ಸೆಲ್ಫಿ ತೆಗೆಯಲು ನೋಡಿದೆ. ಹಿಂದೆ ಟವರಿನ ಗೇಟು ಬಂತು, ಮುಖ ಪಾಸ್‌ಪೋರ್ಟ್ ಫೋಟೋದ ಹಾಗೆ ಬಿಗಿದುಕೊಂಡಿತ್ತು.

ಮಗಳಿಗೆ ಕ್ಲೀನರ್ ಕೆಲಸದ ಕತೆ ಹೇಳಿರಲಿಲ್ಲ. ಹೋಟೆಲಿನಲ್ಲಿದ್ದೆ ಅಂತ ಮಾತ್ರ ಗೊತ್ತು. ಗಲ್ಲಾದಲ್ಲಿ ಕೂರುತ್ತಿದ್ದೆ ಅಂತ ಅವಳು ಅಂದುಕೊಂಡಿದ್ದಳು, ನಾನು ತಿದ್ದಿರಲಿಲ್ಲ. ಮೊನ್ನೆ ಮಾಟುಂಗಾದಲ್ಲಿ ದೋಸೆ ತಿಂದಾದ ಮೇಲೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೋಟ ಎಲ್ಲ ಹೇಗೆ ಎತ್ತುತ್ತಿದ್ದೆ?" ಅಂತ ಕೇಳಿದಳು. ಬಲಗೈಯ ನಾಲ್ಕು ಬೆರಳು ನಾಲ್ಕು ಖಾಲಿ ಲೋಟದೊಳಗೆ ಇಳಿಸಿ, ಒಮ್ಮೆಗೇ ಎತ್ತಿ ತೋರಿಸಿದೆ. ನಲವತ್ತು ವರ್ಷ ಆದರೂ ಕೈ ಮರೆತಿರಲಿಲ್ಲ. ಅವಳು ನನ್ನ ಮೊಬೈಲ್ ಕಸಿದುಕೊಂಡು ಕ್ಲಿಕ್ ಮಾಡಿದಳು. ಆವತ್ತಿನ ಫೋಟೋ ಅದೇ, 214ನೆಯದು. ಸ್ವಲ್ಪ ಅಲ್ಲಾಡಿದೆ. ಡಿಲೀಟ್ ಮಾಡಿಲ್ಲ.