ಹ್ಯಾಲೋವೀನ್‌ಗೆ ಒಂದು ಸಿಹಿಗುಂಬಳ ಸಾಕು

ಅಮೆರಿಕದಲ್ಲಿದ್ದು, ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಸಂಜೆ ವೇಷ ಹಾಕಿ ಬೀದಿ ಸುತ್ತುವ ಉತ್ಸಾಹವಿಲ್ಲವೇ? ಮನೆಯಲ್ಲೇ ಒಂದು ಸಿಹಿಗುಂಬಳದಲ್ಲಿ ಮುಖ ಕೆತ್ತಿ, ಒಳಗೆ ದೀಪವಿಟ್ಟು, ಬೀಜ ಹುರಿದು ತಿನ್ನಿ.

29ಕ್ಕಿಂತ ಮೊದಲು ಕೆತ್ತಬೇಡಿ. ಕೊಯ್ದ ಕಾಯಿ ನಾಲ್ಕೈದು ದಿನದಲ್ಲಿ ಬೂಷ್ಟು ಹಿಡಿದು ಕುಸಿಯುತ್ತದೆ. ತೊಟ್ಟಿನ ಸುತ್ತ ಚಾಕುವನ್ನು ಒಳಮುಖವಾಗಿ ಓರೆ ಹಿಡಿದು ಕೊಯ್ಯಿರಿ. ನೇರ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ನಾರು, ಬೀಜ ತೆಗೆದು, ಮುಖ ಬರುವ ಕಡೆ ಒಂದು ಇಂಚು ದಪ್ಪ ಉಳಿಯುವವರೆಗೆ ಗಟ್ಟಿ ಚಮಚದಿಂದ ಕೆರೆಯಿರಿ. ಮಕ್ಕಳು ಮಾರ್ಕರ್‌ನಲ್ಲಿ ಮುಖ ಬರೆಯಲಿ, ಚಾಕು ದೊಡ್ಡವರ ಕೈಯಲ್ಲಿರಲಿ. ಹಲ್ಲು ಮುರಿದರೆ ಟೂತ್‌ಪಿಕ್ ಚುಚ್ಚಿ ಕೂಡಿಸಬಹುದು. ಒಳಗೆ ಮೇಣದಬತ್ತಿ ಬೇಡ, ಬ್ಯಾಟರಿ ದೀಪವಿಡಿ.

ಬೀಜ ತೊಳೆದು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಒದ್ದೆಯಿದ್ದರೆ ಗರಿಯಾಗುವ ಬದಲು ಬೇಯುತ್ತವೆ. ಒಂದು ಕಪ್ ಬೀಜಕ್ಕೆ ಎರಡು ಟೀ ಚಮಚ ಎಣ್ಣೆ, ಅರ್ಧ ಚಮಚ ಉಪ್ಪು, ಚಿಟಿಕೆ ಖಾರದಪುಡಿ. (ಇಂಗು ಸೇರಿದರೆ ಇನ್ನೂ ರುಚಿ.) ಓವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ 15–20 ನಿಮಿಷ, ನಡುವೆ ಒಮ್ಮೆ ಮಗುಚಿ.

ಆ ಸಂಜೆ ವೇಷ ಹಾಕಿದ ಮಕ್ಕಳು ಕ್ಯಾಂಡಿ ಕೇಳುತ್ತ ಮನೆಮನೆಗೆ ಬರುತ್ತಾರೆ. ಅದು ಬೇಡವಾದರೆ ಹೊರದೀಪ ಆರಿಸಿ. ಕತ್ತಲ ಮನೆಯನ್ನು ಬಿಟ್ಟು ಮುಂದೆ ಹೋಗುವುದು ಅಲ್ಲಿನ ವಾಡಿಕೆ. ಆಗ ಕುಂಬಳವನ್ನೂ ಒಳಗೇ ಇಡಿ. ಹೊರಗೆ ಬೆಳಗುತ್ತಿದ್ದರೆ ಬಾಗಿಲು ತಟ್ಟಿಯೇ ತಟ್ಟುತ್ತಾರೆ.